ಎದುರು ಪಕ್ಷಕ್ಕೆ ಒಂದು ನಿಮಿಷ

ಸಲಾತಿಗಾ
14 ಜುಲೈ 2024

ಪಲುಪಿಗೆ ಸಲಾಂ.

ನನ್ನ ಫೋನ್ ಸಂಖ್ಯೆಯನ್ನು ನೀನು ತಡೆಹಿಡಿದು ಎರಡು ವರ್ಷ ಮೀರಿತು. ಆದ್ದರಿಂದ ಅಂಚೆಯ ಮೂಲಕ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಇದು ಹೊಸ ಪದ್ಧತಿಯೇನಲ್ಲ. ವಾದಿಸಬೇಕಾದ ವಿಷಯ ಕಾಗದದ ಮೇಲೆ ಬರಲಿ, ಬಾಯಿಮಾತಿನಲ್ಲಿ ಹಾರಿಹೋಗುವುದು ಬೇಡ ಎಂದು ನಿನಗೂ ನಿನ್ನ ತಮ್ಮನಿಗೂ ಕಲಿಸಿದವನು ನಾನೇ.

ವಿಷಯ ಇಷ್ಟು. ಬರುವ ಡಿಸೆಂಬರ್ ಎರಡು, ಸೋಮವಾರ, ನಮ್ಮ ಐದು ದಿನಗಳ ವಾರದ ಎಣಿಕೆಯಲ್ಲಿ ಪೊನ್, ನಿನ್ನ ತಮ್ಮ ದಮರ್ ತೀರಿಕೊಂಡ ಸಾವಿರದ ದಿನ. ನಮ್ಮ ಲೆಕ್ಕದಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದಾಗ. ಆದ್ದರಿಂದ ಪ್ರಾರ್ಥನೆ ಹಿಂದಿನ ಭಾನುವಾರದ ಸಂಜೆಯೇ ನಡೆಯುತ್ತದೆ. ಮರುದಿನ ಬೆಳಿಗ್ಗೆ ಗೋರಿಯ ಮೇಲಿನ ಮರದ ಗುರುತನ್ನು ತೆಗೆದು ಕಲ್ಲು ನಿಲ್ಲಿಸಬೇಕು.

ನೀನು ಬರಬೇಕು. ಕಾರಣಗಳು ಮೂರು. ಮೊದಲನೆಯದು, ನಿನ್ನ ತಾಯಿಯಿಲ್ಲದ ಈ ಮನೆಯಲ್ಲಿ ಆ ದಿನದ ಅಕ್ಕಿಹಿಟ್ಟಿನ ಸಿಹಿ ಅಪೆಮ್ ಹುಯ್ಯುವ ಹಕ್ಕು ಹಿರಿಯ ಮಗಳದು. ಎರಡನೆಯದು, ಏಳನೆಯ ದಿನ ಮುಗಿಸಿ ಸುಲಾವೇಸಿಯ ಕೆಂದಾರಿಗೆ ಹೋದ ನೀನು ನಲವತ್ತಕ್ಕೂ ನೂರಕ್ಕೂ ಬರಲಿಲ್ಲ, ಎರಡು ವರ್ಷದ ತಿಥಿಗಳಿಗೂ ಬರಲಿಲ್ಲ. ಸಾವಿರದ ದಿನವೇ ಕೊನೆಯದು, ಇದಾದ ಮೇಲೆ ತಿದ್ದಿಕೊಳ್ಳಲು ಇನ್ನೊಂದು ದಿನವಿರುವುದಿಲ್ಲ. ಮೂರನೆಯದು, ನೆರೆಹೊರೆಯವರು ಕೇಳುತ್ತಾರೆ.

ನನ್ನ ಜೀವನ ಹೇಗೆ ಸಾಗುತ್ತಿದೆ ಎಂದು ನೀನು ಕೇಳಿಲ್ಲ. ಪತ್ರಿಕೆಯ ಕೆಲಸ ಹೋದ ಸಂಗತಿ ನಿನಗೆ ದಮರ್‌ನ ಮಣ್ಣಿನ ದಿನ ತಿಳಿಯಿತು, ಆಮೇಲಿನದನ್ನು ಹೇಳುತ್ತೇನೆ. ಇಪ್ಪತ್ತೊಂಬತ್ತು ವರ್ಷ ಸಂಪಾದಕೀಯ ಪುಟ ನೋಡಿಕೊಂಡವನು ಈಗ ಕಾಲೇಜಿನ ಹಿಂದಿನ ಬೀದಿಯಲ್ಲಿ, ಬು ತಿನುಕ್ ಎಂಬ ವಿಧವೆ ನಡೆಸುವ ಪ್ರೆಸ್ಸಿನ ಒಂದು ಮೂಲೆಯಲ್ಲಿ ಕುಳಿತು, ಯಾರು ಏನು ತಂದರೂ ತಿದ್ದುತ್ತೇನೆ. ವಿದ್ಯಾರ್ಥಿಗಳ ಪ್ರಬಂಧ, ಸಹಕಾರ ಸಂಘದ ವರದಿ, ಮದುವೆಯ ಕರೆಯೋಲೆ. ಎಲ್ಲಕ್ಕಿಂತ ಹೆಚ್ಚು ಬರುವುದು ಯಾಸಿನ್ ಪುಸ್ತಿಕೆಗಳು. ಸತ್ತವರ ನೂರನೆಯ ದಿನಕ್ಕೋ ಸಾವಿರದ ದಿನಕ್ಕೋ ಮನೆಮನೆಗೆ ಹಂಚುವ ಪ್ರಾರ್ಥನೆಯ ಪುಸ್ತಿಕೆ. ಅದರ ಮೊದಲ ಪುಟದಲ್ಲಿ ಸತ್ತವರ ಚಿತ್ರ, ಕೆಳಗೆ ಅವರ ಬದುಕು. ಆ ಬದುಕನ್ನು ನೂರು ಪದಗಳಲ್ಲಿ ಬರೆಯುವವನು ನಾನು. ದಿನಾಂಕಗಳನ್ನು ಎರಡೆರಡು ಸಲ ಎಣಿಸುತ್ತೇನೆ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. 'ಏನ್ ಸಂಪಾದಕ್ರೇ, ಸತ್ತೋರ ಮೇಲೂ ಕತ್ರಿ ಆಡಿಸ್ತೀರಲ್ಲ! ಬದುಕಿದ್ದಾಗ ಹೆಂಡ್ತಿ ಕತ್ರಿ, ಸತ್ತ ಮೇಲೆ ನಿಮ್ ಕತ್ರಿ' ಎಂದು ಬು ತಿನುಕ್ ಹಂಗಿಸುತ್ತಾರೆ.

ದಮರ್‌ನ ಪುಟವನ್ನೂ ನಾನೇ ಬರೆಯುತ್ತೇನೆ. ಅವನ ಒಳ್ಳೆಯದೊಂದು ಫೋಟೊ ನಿನ್ನ ಬಳಿ ಇದ್ದರೆ ಕಳಿಸು.

ನಿನ್ನ ತಂದೆ,
ಹರ್ಜಾಂತೊ


ಕೆಂದಾರಿ
6 ಆಗಸ್ಟ್ 2024

ಅಪ್ಪ,

ನಿಮ್ಮ ಮೂರು ಕಾರಣಗಳನ್ನು ಓದಿದೆ. ಮೂರು ಕಾರಣಗಳಿರುವ ನಿಮ್ಮ ಇನ್ನೊಂದು ಪತ್ರ ನನ್ನ ಬೀರುವಿನಲ್ಲಿದೆ.

ಏಳನೆಯ ದಿನ ಮುಗಿಸಿ ನಾನು ಇಲ್ಲಿಗೆ ಮರಳಿದ ವಾರದಲ್ಲಿ ಕಾರ್ಖಾನೆಯವರು ದಮರ್‌ನ ಸಾಮಾನುಗಳನ್ನು ನನ್ನ ವಿಳಾಸಕ್ಕೆ ಕಳಿಸಿದರು. ಎರಡು ಜೊತೆ ಬಟ್ಟೆ, ಒಂದು ಚಾಪೆ, ಹಳದಿ ಹೆಲ್ಮೆಟ್ಟು. ಹೆಲ್ಮೆಟ್ಟಿನ ಒಳಪಟ್ಟಿಯಲ್ಲಿ ನಿಮ್ಮ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿಕೊಂಡಿದ್ದ. ಬೆವರಿಗೆ ಶಾಯಿ ಹರಡಿದೆ. ಆದರೂ ಓದಬಹುದು. ನೀವು ಒತ್ತಿ ಬರೆಯುತ್ತೀರಿ.

ನಾನು ಬರುವುದಿಲ್ಲ. ಫೋಟೊ ಕಳಿಸುವುದಿಲ್ಲ. ಪುಟ ನೀವೇ ಬರೆಯಿರಿ. ಊರಲ್ಲಿ ಸತ್ತವರಿಗೆಲ್ಲ ಬರೆಯುವವರಿಗೆ ಅದೇನು ಕಷ್ಟ?

ಅಪೆಮ್ ಹಿಟ್ಟನ್ನು ಹಿಂದಿನ ದಿನವೇ ಕಲಸಿಡಿಸಿ. ಇಲ್ಲದಿದ್ದರೆ ಉಬ್ಬುವುದಿಲ್ಲ.

ಪಲುಪಿ


ಸಲಾತಿಗಾ
2 ಸೆಪ್ಟೆಂಬರ್ 2024

ಪಲುಪಿಗೆ,

ನಿನ್ನ ಪತ್ರದಲ್ಲಿ ಆರೋಪವೊಂದರ ನೆರಳಿದೆ, ಆರೋಪವಿಲ್ಲ. ಸ್ಪಷ್ಟವಾಗಿ ಹೇಳದ ಆರೋಪಕ್ಕೆ ಉತ್ತರಿಸುವ ಹೊಣೆ ಪ್ರತಿವಾದಿಯದಲ್ಲ. ಆದರೂ ಉತ್ತರಿಸುತ್ತೇನೆ.

ಆ ಪತ್ರ ಹೆಲ್ಮೆಟ್ಟಿನೊಳಗಿತ್ತೆಂದು ನನಗೆ ಗೊತ್ತಿರಲಿಲ್ಲ.

ಬರೆದವನು ನಾನೇ, ಅಲ್ಲಗಳೆಯುವುದಿಲ್ಲ. ಕಾರ್ಖಾನೆಯ ಕೆಲಸ ಬಿಟ್ಟು ಮನೆಗೆ ಬರಲೇ ಎಂದು ಅವನು ಕೇಳಿದ. ಒಪ್ಪಂದಕ್ಕೆ ಇನ್ನು ಏಳೇ ತಿಂಗಳಿದೆ, ಮುಗಿಸಿ ಬಾ ಎಂದು ಬರೆದೆ. ಅಪ್ಪಣೆ ಮಾಡಲಿಲ್ಲ, ಕಾರಣ ಕೊಟ್ಟೆ, ಅವನು ಒಪ್ಪಿದ. ನಿಮ್ಮನ್ನು ನಾನು ಹೊಡೆದು ಬಡಿದು ಬೆಳೆಸಲಿಲ್ಲ, ವಾದಿಸಿ ಬೆಳೆಸಿದೆ. ನಿಮ್ಮ ತಾಯಿ ಹೋದ ವರ್ಷ ದಮರ್‌ಗೆ ಒಂಬತ್ತು, ನಿನಗೆ ಹದಿನಾಲ್ಕು. ಊಟದ ಮೇಜಿನ ಮೇಲೆ ಬಿದ್ದಿದ್ದ ಆ ಮೌನವನ್ನು ಎತ್ತಿಹಾಕಲು ನನಗೆ ಗೊತ್ತಿದ್ದ ವಿದ್ಯೆ ಒಂದೇ: ಕಾಲೇಜಿನಲ್ಲಿ ಮೂರು ವರ್ಷ ಬಹುಮಾನ ತಂದುಕೊಟ್ಟ ಚರ್ಚಾಸ್ಪರ್ಧೆ. ದಿನಕ್ಕೊಂದು ವಿಷಯ, ನಾನೊಂದು ಪಕ್ಷ, ದಮರ್ ಇನ್ನೊಂದು, ನೀನು ಚಹಾ ಲೋಟಕ್ಕೆ ಚಮಚ ಬಡಿದು ಹೊತ್ತು ಮುಗಿಯಿತೆಂದು ಸಾರುವವಳು. ಸೋತವನಿಗೆ ಅವಮಾನವಾಗಬಾರದೆಂದು ಒಂದು ನಿಯಮವನ್ನೂ ಮಾಡಿದ್ದೆ. ಗೆದ್ದವನು ಕೊನೆಯಲ್ಲಿ ಸೋತ ಪಕ್ಷದ ಪರವಾಗಿ ಒಂದು ನಿಮಿಷ ಮಾತನಾಡಬೇಕು, ಮನಃಪೂರ್ವಕವಾಗಿ. ಆ ಒಂದು ನಿಮಿಷದಲ್ಲಿ ನಾನು ಎಷ್ಟೋ ಸಲ ದಮರ್‌ನ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿದ್ದುಂಟು. 'ಅಪ್ಪಾ, ಇದನ್ನ ಮೊದಲೇ ಹೇಳ್ಕೊಟ್ಟಿದ್ರೆ ನಾನೇ ಗೆಲ್ತಿದ್ದೆ' ಎಂದು ಅವನು ಮೇಜು ಕುಟ್ಟಿ ನಗುತ್ತಿದ್ದ. ಇಂಥ ನಿಯಮ ಮಾಡಿದವನನ್ನು ಅನ್ಯಾಯಗಾರನೆಂದು ಎಣಿಸುವ ಮೊದಲು ಇನ್ನೊಮ್ಮೆ ಯೋಚಿಸು.

ಇಲ್ಲಿ ಚುನಾವಣೆಯ ಕಾಲ. ಅಭ್ಯರ್ಥಿಯೊಬ್ಬನ ಜೀವನಚರಿತ್ರೆ ತಿದ್ದಲು ಬಂತು. ಅವನ ಕಡೆಯವನು ಹೇಳಿದ, 'ಸಾಹೇಬ್ರು ಚಿಕ್ಕಂದಿನಲ್ಲಿ ಬಡವ್ರಾಗಿದ್ರು ಅಂತ ಹಾಕ್ಬೇಕು ಸಾರ್.'

'ಅವರ ತಂದೆಗೆ ಮೂರು ಅಕ್ಕಿ ಗಿರಣಿ ಇತ್ತಲ್ಲಪ್ಪ?'

'ಇತ್ತು. ಆದ್ರೆ ಅಪ್ಪ ಜಿಪುಣ. ಮಗನ ಪಾಲಿಗೆ ಅದೂ ಬಡತನಾನೇ ಅಲ್ವಾ?'

ಬು ತಿನುಕ್ ಒಳಗಿನಿಂದ ಕೂಗಿದರು: 'ಹಾಕ್ಬಿಡಿ ಸಂಪಾದಕ್ರೇ, ಗಿರಣೀಲಿ ಹುಟ್ಟಿ ಹಸ್ಕೊಂಡ್ ಬೆಳೆದ್ರು ಅಂತ!'

ಅದೇ ದಿನ ಸಂತೆಯಲ್ಲಿ ಬೇಯಿಸಿದ ಸೊಪ್ಪಿನ ಪೆಚೆಲ್ ಮಾರುವ ಬು ಸಾರ್ತಿನಿ ಬಂದರು. ಜ್ವರದಲ್ಲಿ ಹೋದ ಮಗನ ನೂರನೆಯ ದಿನಕ್ಕೆ ಪುಸ್ತಿಕೆ ಬೇಕಿತ್ತು. ಹೆಸರು, ಓದು, ಉದ್ಯೋಗ ಎಲ್ಲ ಹೇಳಿಸಿ ಬರೆದುಕೊಂಡೆ. ಕೊನೆಗೆ ಅವರು ಹೇಳಿದರು, 'ಗುಡುಗು ಅಂದ್ರೆ ಹೆದರ್ತಿದ್ದ. ಅದನ್ನೂ ಹಾಕಿ.'

'ಅಮ್ಮಾ, ಮೂವತ್ತು ವರ್ಷದ ಗಂಡಸು. ನಾಲ್ಕು ಜನ ಓದ್ತಾರೆ.'

'ಓದ್ಲಿ ಬಿಡಿ. ಗುಡುಗಿದಾಗೆಲ್ಲ ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನಿಲ್ತಿದ್ದ. ಕೇಳಿದ್ರೆ ನೀರು ಕುಡಿಯೋಕೆ ಬಂದೆ ಅಂತಿದ್ದ. ನೀವು ಬರ್ಕೊಂಡ್ರಲ್ಲ, ಅದೆಲ್ಲ ಊರವ್ರ ಮಗ. ಇದೊಂದೇ ನನ್ನ ಮಗ.'

ನಾನು ಅದನ್ನು ಬಿಟ್ಟೇ ಬರೆದೆ. ಬಿಡಬೇಕಾದ್ದನ್ನು ಬಿಡುವುದೇ ನನ್ನ ಕಸುಬು.

ದಮರ್‌ನ ಪುಟದ ಕರಡು ಸಿದ್ಧವಾಗಿದೆ. ದೋಷವಿದ್ದರೆ ತಿಳಿಸು:

'ದಮರ್ ಪನುಲುಹ್. ಜನನ 1997, ಸಲಾತಿಗಾ. ವಿನಯಶೀಲ, ಮಿತಭಾಷಿ, ಧೈರ್ಯವಂತ. ಸುಲಾವೇಸಿಯ ನಿಕ್ಕಲ್ ಕಾರ್ಖಾನೆಯಲ್ಲಿ ನಿಷ್ಠೆಯಿಂದ ದುಡಿದನು. 2022ರ ಮಾರ್ಚ್ 9, ಬುಧವಾರ ವಾಗೆ, ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಕರ್ತವ್ಯದಲ್ಲಿರುವಾಗಲೇ ಎತ್ತರದಿಂದ ಬಿದ್ದು, ನೋವನ್ನರಿಯದೆ, ಕ್ಷಣಮಾತ್ರದಲ್ಲಿ ದೇವರ ಬಳಿಗೆ ಮರಳಿದನು.'

ನಿನ್ನ ತಂದೆ,
ಹರ್ಜಾಂತೊ


ಕೆಂದಾರಿ
17 ಸೆಪ್ಟೆಂಬರ್ 2024

ಅಪ್ಪ,

ನಿಮ್ಮ ಕರಡಿನಲ್ಲಿ ನಿಜವಾಗಿರುವುದು ಅವನ ಹೆಸರು, ಹುಟ್ಟಿದ ಊರು, ಮತ್ತು ಎತ್ತರ.

ಮಿತಭಾಷಿಯಂತೆ! ನಾವಿಬ್ಬರೇ ಇದ್ದಾಗ ನನಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ನೀವು ಕೋಣೆಗೆ ಬಂದರೆ ಸುಮ್ಮನಾಗುತ್ತಿದ್ದ, ಅಷ್ಟೇ.

ಕ್ಷಣಮಾತ್ರದಲ್ಲಿ ಅಲ್ಲ. ಮಧ್ಯಾಹ್ನ ಎರಡು ಇಪ್ಪತ್ತು ಅವನು ಬಿದ್ದ ಹೊತ್ತು. ಶವಪೆಟ್ಟಿಗೆಯ ಜೊತೆ ಬಂದ ಕಾರ್ಖಾನೆಯ ಕಾಗದದಲ್ಲಿ ಅದನ್ನೇ ಸತ್ತ ಹೊತ್ತೆಂದು ಬರೆದುಬಿಟ್ಟರು. ಅವನನ್ನು ಗಾಡಿಯಲ್ಲಿ ಎರಡು ಗಂಟೆ ದಾರಿ ಸಾಗಿಸಿ ಕೆಂದಾರಿಯ ಆಸ್ಪತ್ರೆಗೆ ತಂದರು. ನಾನು ನಮ್ಮ ಹೆರಿಗೆ ವಾರ್ಡಿನಿಂದ ನರ್ಸಿನ ಬಟ್ಟೆಯಲ್ಲೇ ಓಡಿದೆ. ನಾಲ್ಕೂವರೆಯಿಂದ ಕೊನೆಯವರೆಗೆ ಅವನ ಪಕ್ಕದಲ್ಲಿದ್ದೆ. ಕೊನೆ ಬಂದದ್ದು ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ, ಸೂರ್ಯ ಮುಳುಗಿ ಒಂದು ಗಂಟೆ ಕಳೆದ ಮೇಲೆ. ಆಸ್ಪತ್ರೆಯ ಕಾಗದ ನನ್ನ ಬಳಿ ಇದೆ. ಆದ್ದರಿಂದ ಅದು ಬುಧವಾರ ವಾಗೆಯೂ ಅಲ್ಲ, ಗುರುವಾರ ಕ್ಲಿವೊನ್. ನಿಮ್ಮ ಸಾವಿರದ ದಿನವೂ ತಪ್ಪು. ಸೋಮವಾರವಲ್ಲ, ಮಂಗಳವಾರ.

ಮೊದಲು ಕನಿಕರದಿಂದ ಹೇಳಲಿಲ್ಲ. ನೋಯದೆ ಹೋದ ಎಂದು ನೀವು ನಂಬಿಕೊಂಡಿದ್ದಿರಿ, ಹಾಗೇ ಇರಲಿ ಎಂದುಕೊಂಡೆ. ಹೆಲ್ಮೆಟ್ಟು ಬಂದ ಮೇಲೆ ಕೋಪದಿಂದ ಹೇಳಲಿಲ್ಲ. ಆ ಸಂಜೆ ನನ್ನದು, ಅದರಲ್ಲಿ ನಿಮಗೆ ಪಾಲಿಲ್ಲ ಎಂದುಕೊಂಡೆ.

ಈಗ ಯಾಕೆ ಹೇಳಿದೆನೋ ಗೊತ್ತಿಲ್ಲ. 'ನೋವನ್ನರಿಯದೆ' ಎಂಬ ಆ ಪದವನ್ನು ಅಚ್ಚಿನಲ್ಲಿ ನೋಡಲಾರೆ.

ಪಲುಪಿ


ಸಲಾತಿಗಾ
30 ಸೆಪ್ಟೆಂಬರ್ 2024

ಪಲುಪಿ,

ಏಳು, ನಲವತ್ತು, ನೂರು, ಮೊದಲ ವರ್ಷ, ಎರಡನೆಯ ವರ್ಷ. ಐದನ್ನೂ ಒಂದು ದಿನ ಮೊದಲು ಮಾಡಿಸಿದ್ದೇನೆ. ನನ್ನ ಮಗ ಇನ್ನೂ ಬದುಕಿದ್ದ ದಿನವನ್ನು ಎಣಿಸಿ ಎಣಿಸಿ, ಪ್ರತಿ ಸಲವೂ ಆ ದಿನಕ್ಕೇ ಸತ್ತವರ ಪ್ರಾರ್ಥನೆ ಮಾಡಿಸಿದ್ದೇನೆ.

ಆ ಬುಧವಾರ ಮಧ್ಯಾಹ್ನ ನಾನು ಏನು ಮಾಡುತ್ತಿದ್ದೆನೆಂದು ನೆನಪಿಸಿಕೊಂಡೆ. ಹಸುವಿನ ಮೇವಿನ ಬಗೆಗಿನ ಒಂದು ಪ್ರಬಂಧದ ಅಡಿಟಿಪ್ಪಣಿಗಳನ್ನು ತಿದ್ದುತ್ತಿದ್ದೆ. ನಾಲ್ಕು ಗಂಟೆಗೆ ಚಹಾ ಕುಡಿದೆ. ಐದಕ್ಕೆ ಮನೆಗೆ ನಡೆದೆ. ಅವನು ಬದುಕಿದ್ದ.

ಅವನು ಏನಾದರೂ ಹೇಳಿದನೆ?

ಹರ್ಜಾಂತೊ


ಸಲಾತಿಗಾ
27 ಅಕ್ಟೋಬರ್ 2024

ಪಲುಪಿ,

ನಾಲ್ಕು ವಾರ ಕಾದೆ. ನಿನ್ನ ಮೌನ ನ್ಯಾಯವಾದದ್ದೇ. ಆದ್ದರಿಂದ ಇದು ನಿನ್ನನ್ನು ಒಪ್ಪಿಸಲು ಬರೆದ ಪತ್ರವಲ್ಲ. ಕಾರಣಗಳ ಪಟ್ಟಿ ಇದರಲ್ಲಿಲ್ಲ.

ದಮರ್ ನನಗೆ ಬರೆದದ್ದನ್ನು ನೀನು ನೋಡಿಲ್ಲ. ಅದು ನನ್ನ ಬಳಿ ಇದೆ. 'ಅಪ್ಪ, ಮೂವತ್ತು ಮೀಟರ್ ಮೇಲೆ ನಿಂತಾಗ ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಕೆಳಗಿಳಿದ ಮೇಲೂ ನಡುಗುತ್ತದೆ. ನಾನು ಮನೆಗೆ ಬಂದುಬಿಡಲಾ?' ಪತ್ರವೆಂದರೆ ಅಷ್ಟೇ. ಉಳಿದದ್ದೆಲ್ಲ ಅಲ್ಲಿನ ಊಟದ ವಿಚಾರ. ಅದಕ್ಕೆ ನಾನು ಎರಡು ಪುಟ ಬರೆದೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂಬುದು ಒಂದು. ಅರ್ಧಕ್ಕೆ ಬಿಟ್ಟವನನ್ನು ಮುಂದೆ ಯಾರೂ ನಂಬರು ಎಂಬುದು ಎರಡು. ಮೂರನೆಯದನ್ನು ನೀನು ಓದಿದ್ದೀಯೆ: 'ಹೆದರಿಕೆ ಎಂಬುದು ಒಂದು ವಾದವಲ್ಲ.' ಬರೆದಾಗ ಆ ವಾಕ್ಯದ ಬಗ್ಗೆ ನನಗೆ ಹೆಮ್ಮೆಯಾಗಿತ್ತು. ಅದನ್ನು ಅವನು ತಲೆಯ ಮೇಲೆ ಇಟ್ಟುಕೊಂಡು ಎರಡು ತಿಂಗಳು ಮೇಲೆ ಹತ್ತಿದ.

ಆ ಮೂರೂ ನಿಜವಾದ ಕಾರಣಗಳಲ್ಲ. ನಿಜವಾದದ್ದನ್ನು ಈಗ ಹೇಳುತ್ತೇನೆ.

ಅವನ ಪತ್ರ ಬಂದದ್ದು ಜನವರಿಯಲ್ಲಿ. ಪತ್ರಿಕೆಯವರು ಅಚ್ಚು ನಿಲ್ಲಿಸಿ ನಮ್ಮನ್ನೆಲ್ಲ ಮನೆಗೆ ಕಳಿಸಿದ್ದು ಅದಕ್ಕೂ ಮೊದಲು, ಅಕ್ಟೋಬರಿನಲ್ಲಿ. ನಿಮ್ಮಿಬ್ಬರಿಗೂ ಹೇಳಿರಲಿಲ್ಲ, ನೆರೆಯವರಿಗೂ ಹೇಳಿರಲಿಲ್ಲ. ದಿನವೂ ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಅಂಗಿ ತೊಟ್ಟು, ಚೀಲ ಹಿಡಿದು, ಪತ್ರಿಕೆಯ ಕಚೇರಿಯಿದ್ದ ಸೆಮರಾಂಗಿನ ಬಸ್ಸು ನಿಲ್ಲುವಲ್ಲಿಗೆ ನಡೆಯುತ್ತಿದ್ದೆ. ಬಸ್ಸು ಹೋದ ಮೇಲೆ ಹಿಂದಿನ ಬೀದಿಯಲ್ಲಿ ಬಂದು ಒಂದು ಪ್ರೆಸ್ಸಿನ ಎದುರಿನ ಬೆಂಚಿನ ಮೇಲೆ ಐದರವರೆಗೆ ಕುಳಿತಿರುತ್ತಿದ್ದೆ. ಮೂರನೆಯ ವಾರ ಒಳಗಿನಿಂದ ಹೆಂಗಸೊಬ್ಬರು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. 'ಸಾರ್, ನಿಮ್ಮ ತೂಕಕ್ಕೆ ನನ್ನ ಬೆಂಚು ಸವೀತಾ ಇದೆ. ಸುಮ್ನೆ ಕೂರೋ ಬದ್ಲು ಒಳಗ್ ಬಂದು ಒಂದಿಷ್ಟು ತಪ್ಪು ಹುಡುಕಿ. ಮುಖ ನೋಡಿದ್ರೆ ಆ ಕೆಲ್ಸಕ್ಕೇ ಹುಟ್ಟಿದಂಗಿದೀರ.' ಬು ತಿನುಕ್ ನನಗೆ ಕೆಲಸ ಕೊಟ್ಟದ್ದು ಹಾಗೆ.

ದಮರ್ ಮನೆಗೆ ಬಂದಿದ್ದರೆ, ನಾನು ಬೆಳಿಗ್ಗೆ ಎಲ್ಲಿಗೆ ಹೋಗುತ್ತೇನೆಂದು ಅವನಿಗೆ ತಿಳಿದುಹೋಗುತ್ತಿತ್ತು.

ಇದೇ ನಾಲ್ಕನೆಯ ಕಾರಣ. ಪತ್ರದಲ್ಲಿ ಬರೆಯದೆ ಬಿಟ್ಟದ್ದು. ಹೇಳಿದೆನಲ್ಲ, ಬಿಡುವುದೇ ನನ್ನ ಕಸುಬು.

ಕಳೆದ ವಾರ ಬು ಸಾರ್ತಿನಿಯ ಮಗನ ನೂರನೆಯ ದಿನಕ್ಕೆ ಹೋಗಿದ್ದೆ. ಪುಸ್ತಿಕೆ ತೆರೆದರೆ ನಾನು ಬಿಟ್ಟಿದ್ದ ಗುಡುಗಿನ ಸಾಲು ಅಚ್ಚಾಗಿತ್ತು. ಬು ತಿನುಕ್ ನನಗೆ ತಿಳಿಯದಂತೆ ಸೇರಿಸಿದ್ದರು. ಅದನ್ನು ಓದಿದಾಗ ಹೆಂಗಸರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ನಾನು ಎದ್ದು ಹೊರಗೆ ಹೋಗಿ ಚಪ್ಪಲಿಗಳ ನಡುವೆ ನಿಂತೆ.

ಪ್ರಾರ್ಥನೆಯನ್ನು ಸೋಮವಾರದ ಸಂಜೆಗೆ ಬದಲಿಸಿದ್ದೇನೆ. ಕಲ್ಲು ನಿಲ್ಲಿಸುವುದು ಮಂಗಳವಾರ ವಾಗೆಯ ಬೆಳಿಗ್ಗೆ. ಯಾಕೆ ಬದಲಿಸಿದಿರಿ ಎಂದು ಕೇಳಿದವರಿಗೆಲ್ಲ, ಲೆಕ್ಕ ತಪ್ಪಿದ್ದೆ ಎಂದು ಹೇಳಿದೆ.

ನೀನು ಬರಬೇಕೆಂದು ಕೇಳುತ್ತಿಲ್ಲ. ಆ ಸಂಜೆಯಲ್ಲಿ ನನಗೂ ಒಂದು ಪಾಲು ಕೊಡು ಎಂದು ಮಾತ್ರ ಕೇಳುತ್ತಿದ್ದೇನೆ. ಎಷ್ಟು ಚಿಕ್ಕದಾದರೂ ಸರಿ.

ಅಪ್ಪ


ಕೆಂದಾರಿ
8 ನವೆಂಬರ್ 2024

ಅಪ್ಪ,

ಬಸ್ಸಿನ ವಿಷಯ ಅವನಿಗೆ ಹೇಳಿದ್ದಿದ್ದರೆ ಅವನು ಅಂದೇ ಹೊರಟು ಬರುತ್ತಿದ್ದ. ನಿಮ್ಮ ಜೊತೆ ಆ ಬೆಂಚಿನ ಮೇಲೆ ಕೂರುತ್ತಿದ್ದ. ನಿಮಗೆ ಅದೂ ಗೊತ್ತಿತ್ತು ಅನಿಸುತ್ತದೆ.

ಸರಿ, ಬರೆಯುತ್ತೇನೆ.

ಹೊರಗೆ ಗಾಯ ಹೆಚ್ಚಿರಲಿಲ್ಲ. ಒಳಗೆ ಎಲ್ಲ ಹೋಗಿತ್ತು. ನಾನು ನರ್ಸು, ಬಣ್ಣ ನೋಡಿದ ಕೂಡಲೇ ತಿಳಿಯಿತು. ಅವನಿಗೆ ತಿಳಿಯಲಿಲ್ಲ. 'ಅಕ್ಕಾ, ನಿನ್ನ ಟೋಪಿ ಸೊಟ್ಟಗಿದೆ' ಅಂದ. ಚಹಾ ಬೇಕೆಂದ. ಕುಡಿಯುವ ಹಾಗಿರಲಿಲ್ಲ. ಹತ್ತಿಯನ್ನು ಸಿಹಿ ಚಹಾದಲ್ಲಿ ಅದ್ದಿ ತುಟಿಗೆ ಒತ್ತಿದೆ. 'ಮಲ್ಲಿಗೆ ಚಹಾ ಅಲ್ಲ ಇದು, ಮೋಸ' ಅಂದ.

'ಅಪ್ಪಂಗೆ ಈಗ್ಲೇ ಫೋನ್ ಮಾಡ್ಬೇಡ ಅಕ್ಕಾ. ಬಿದ್ದೆ ಅಂದ್ರೆ ಯಾಕ್ ಬಿದ್ದೆ ಅಂತ ಕೇಳ್ತಾರೆ. ಮೂರು ಕಾರಣ ಕೊಡು ಅಂತಾರೆ.' ನಗಲು ಹೋಗಿ ನೋವಾಯಿತು. ಹೌದು ಅಪ್ಪ, ನೋವಾಯಿತು.

ಆಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ. ಮಸೀದಿಯಿಂದ ಸಂಜೆಯ ಕರೆ ಕೇಳಿಸಿತು. ಕಣ್ಣು ತೆರೆದು ಹೇಳಿದ: 'ಅಪ್ಪ ಆ ಕಾಗ್ದದಲ್ಲಿ ಒಂದು ನಿಮಿಷ ಮರ್ತುಬಿಟ್ರು, ಗೊತ್ತಾ?'

ನನಗೆ ಅರ್ಥವಾಗಲಿಲ್ಲ. ಆಗ ಯಾವ ಕಾಗದ ಎಂದೂ ನನಗೆ ಗೊತ್ತಿರಲಿಲ್ಲ. 'ಏನೋ ಅದು?' ಅಂದೆ.

'ಗೆದ್ದ ಮೇಲೆ ನನ್ನ ಪರವಾಗಿ ಒಂದು ನಿಮಿಷ ಮಾತಾಡ್ಬೇಕಲ್ಲ. ಅದು ಬರೀಲೇ ಇಲ್ಲ. ಮುಂದಿನ ಕಾಗ್ದದಲ್ಲಿ ಬರುತ್ತೆ ಅಂತ ಕಾಯ್ತಿದ್ದೆ. ಎರಡೂ ಒಟ್ಟಿಗೆ ಇರ್ಲಿ ಅಂತ ಮೊದಲಿನದನ್ನ ಜೋಪಾನವಾಗಿ ಇಟ್ಕೊಂಡಿದೀನಿ.' ಆಮೇಲೆ ಹೇಳಿದ, 'ಅಪ್ಪ ನನ್ನ ಪರ ಮಾತಾಡಿದ್ರೆ ನನಗಿಂತ ಚೆನ್ನಾಗಿ ಮಾತಾಡ್ತಾರೆ ಅಕ್ಕಾ. ಅವರ ಮಾತಿಗೆ ಅವರೇ ಒಪ್ಪಿಬಿಡ್ತಿದ್ರು.'

ಅಷ್ಟೇ. ಅದರ ನಂತರ ಅಮ್ಮನ ಹೆಸರು ಹೇಳಿದ. ಏಳು ಹತ್ತು.

ಅವನು ಕೋಪದಿಂದ ಹೇಳಲಿಲ್ಲ. ಆ ಕೋಪವೆಲ್ಲ ನನ್ನದು. ಇಷ್ಟು ದಿನ ಅವನ ಹೆಸರಿನಲ್ಲಿ ನಾನು ಇಟ್ಟುಕೊಂಡಿದ್ದೆ.

ಪಲುಪಿ


ಸಲಾತಿಗಾ
19 ನವೆಂಬರ್ 2024

ಪಲುಪಿ,

ಪುಟ ಅಚ್ಚಿಗೆ ಹೋಯಿತು. ಫೋಟೊ ಇಲ್ಲ, ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಬು ತಿನುಕ್ ಅದನ್ನು ಎರಡು ಸಲ ಓದಿದರು. ಆಮೇಲೆ, 'ಸಂಪಾದಕ್ರೇ, ಇದ್ರಲ್ಲಿ ಒಂದ್ ಅಕ್ಷರಾನೂ ನೀವು ಕತ್ತರಿಸ್ಬೇಡಿ, ನಾನೂ ಸೇರ್ಸಲ್ಲ' ಎಂದು ಯಂತ್ರದ ಕಡೆ ಹೋದರು.

'ದಮರ್ ಪನುಲುಹ್. ಜನನ 1997, ಸಲಾತಿಗಾ. ತುಂಬ ಮಾತನಾಡುತ್ತಿದ್ದ. ಎತ್ತರಕ್ಕೆ ಹೆದರುತ್ತಿದ್ದ. ಮನೆಗೆ ಬರಬೇಕೆಂದಿದ್ದ, ತಂದೆ ಬೇಡವೆಂದ. 2022ರ ಮಾರ್ಚ್ 9ರ ಮಧ್ಯಾಹ್ನ ಬಿದ್ದ. ಅಕ್ಕನ ಕೈ ಹಿಡಿದು ಸೂರ್ಯ ಮುಳುಗಿದ ಮೇಲೂ ಬದುಕಿದ್ದ. ಗುರುವಾರ ಕ್ಲಿವೊನ್‌ಗೆ ತೀರಿಕೊಂಡ.'

ಒಂದು ನಿಮಿಷವನ್ನು ಮಾತ್ರ ಬರೆಯಲಾಗಲಿಲ್ಲ. ಒಂಬತ್ತು ಸಲ ಬರೆದು ಒಂಬತ್ತು ಸಲ ಹರಿದೆ. ಪ್ರತಿ ಸಲವೂ ಅದು ವಾದವಾಗುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ, ಅಪೆಮ್ ಹಂಚುವ ಮೊದಲು, ಎಲ್ಲರ ಎದುರು ಬಾಯಲ್ಲೇ ಹೇಳುತ್ತೇನೆ. ಅಷ್ಟು ಜನರ ಮುಂದೆ ನಿಲ್ಲುವುದು ನನಗೆ ಹೊಸದಲ್ಲ. ಆದರೂ ಈ ಸಲ ಕಾಲು ನನ್ನ ಮಾತು ಕೇಳೀತೆಂದು ತೋರುವುದಿಲ್ಲ.

ನಿನ್ನ ತಾಯಿಯ ಕಾಲದ ದಪ್ಪ ಲೋಟ ಇನ್ನೂ ಇದೆ. ಚಮಚವೂ ಇದೆ.

ಅಪ್ಪ


ಕೆಂದಾರಿ
25 ನವೆಂಬರ್ 2024

ಅಪ್ಪ,

ಭಾನುವಾರ ಮಧ್ಯಾಹ್ನ ತಲುಪುತ್ತೇನೆ. ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಬರುತ್ತೇನೆ ಎಂದು ಬರೆಯಬಲ್ಲೆ.

ಹಿಟ್ಟು ನಾನು ಬಂದ ಮೇಲೆ ಕಲಸುತ್ತೇನೆ. ನೀವು ಮುಟ್ಟಬೇಡಿ.

ಪಲುಪಿ


ಸಲಾತಿಗಾ
8 ಡಿಸೆಂಬರ್ 2024

ಪಲುಪಿ,

ನೀನು ಇಲ್ಲಿದ್ದ ನಾಲ್ಕು ದಿನಗಳಲ್ಲಿ ನಾವು ಹಿಟ್ಟಿನ ಬಗ್ಗೆ, ಬಾಡಿಗೆ ಚಾಪೆಗಳ ಬಗ್ಗೆ, ಕಲ್ಲಿನವನು ತಡಮಾಡಿದ್ದರ ಬಗ್ಗೆ ಮಾತನಾಡಿದೆವು. ಬೇರೆ ಏನೂ ಆಡಲಿಲ್ಲ. ಬಸ್ಸು ಹತ್ತುವಾಗ ನೀನು ನನ್ನ ಕೈ ಮುಟ್ಟಿ ಹಣೆಗೆ ಒತ್ತಿಕೊಂಡೆ. ನಾನು ಚೀಲವನ್ನು ಮೇಲೆ ಇಡು ಎಂದೆ. ಆದ್ದರಿಂದ ಉಳಿದದ್ದನ್ನು ಕಾಗದದಲ್ಲಿ ಬರೆಯಬೇಕಾಗಿದೆ.

ಬಂದವರಲ್ಲಿ ಅರ್ಧದಷ್ಟು ಜನ ಪುಸ್ತಿಕೆ ತೆರೆದು, ಓದಿ, ಮಡಿಚಿ, ನನ್ನ ಮುಖ ನೋಡಲಿಲ್ಲ. ಅದು ಸರಿಯೇ. ನಾನು ಎದ್ದು ನಿಂತೆ. ನೀನು ಅಡುಗೆಮನೆಯ ಬಾಗಿಲಲ್ಲಿ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ.

ಏನು ಹೇಳಿದೆನೆಂದು ನನಗೆ ಪೂರ್ತಿ ನೆನಪಿಲ್ಲ. ಈ ಸಭೆಯ ಮುಂದಿರುವ ವಿಷಯ ದಮರ್ ಮನೆಗೆ ಬರಬೇಕೆ ಎಂಬುದು ಎಂದು ಆರಂಭಿಸಿದೆ. ನಾನು ಅವನ ಪಕ್ಷ ಎಂದೆ. ಹೆದರಿದವನಿಗೆ ಕಾರಣ ಕೇಳಬಾರದು, ಬಾಗಿಲು ತೆರೆಯಬೇಕು ಎಂದೆ. ಮೊಣಕಾಲು ನಡುಗಿದರೆ ಮೊಣಕಾಲಿನ ಮಾತನ್ನೇ ಕೇಳಬೇಕು, ಅದು ಅಪ್ಪನಿಗಿಂತ ಹತ್ತಿರದಲ್ಲಿರುತ್ತದೆ ಎಂದೆ. ಒಪ್ಪಂದ ಕಾರ್ಖಾನೆಯದು, ಹುಡುಗ ನನ್ನವನು ಎಂದೆ. ಎರಡನೆಯ ಕಾರಣ ಎಂದು ಬೆರಳು ಮಡಿಚಿದೆ, ಎರಡನೆಯದು ಬರಲಿಲ್ಲ. ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗವಿತ್ತು ಎಂದೆ. ಬಾ ಎಂದೆ. ನಾಳೆಯೇ ಬಾ, ಇಳಿದು ಬಾ, ಯಾರಿಗೂ ಹೇಳದೆ ಬಂದುಬಿಡು ಎಂದೆ. ಅದನ್ನೇ ಎಷ್ಟು ಸಲ ಹೇಳಿದೆನೋ ಕಾಣೆ.

ಹೊತ್ತು ಮೀರಿತ್ತೆಂದು ನನಗೆ ಗೊತ್ತಿತ್ತು. ನಲವತ್ತು ವರ್ಷದ ಅಭ್ಯಾಸ. ಒಂದು ನಿಮಿಷ ಎಷ್ಟೆಂದು ನನ್ನ ಮೈಗೆ ಗೊತ್ತು. ಮಾತನಾಡುತ್ತ ಕಿವಿಯನ್ನು ನಿನ್ನ ಕಡೆಗೇ ಇಟ್ಟಿದ್ದೆ. ಎರಡು ನಿಮಿಷವಾಯಿತು, ಮೂರಾಯಿತು. ತಿರುಗಿ ನೋಡಿದೆ. ನೀನು ಚಮಚವನ್ನು ಲೋಟದ ಅಂಚಿನ ಹತ್ತಿರ ಎತ್ತಿ ಹಿಡಿದಿದ್ದೆ.

ಬಡಿಯಲಿಲ್ಲ.

ಅಪ್ಪ